ಎಲೆಬುಟ್ಟಿಯೊಳಗಿನ ಸಿಗಾರು

ನಮ್ಮ ಕೊಟ್ಟೂರಿನ ಮಂಡಕ್ಕಿ ಬಟ್ಟಿ ಹಾಲೇಶಪ್ಪ ಜನ್ಮದಲ್ಲಿ ಒಂದು ಬೀಡಿ ಸೇದಿದವನಲ್ಲ. ಸೇದುವ ಅಗತ್ಯವೇ ಬಿದ್ದಿರಲಿಲ್ಲ ಎಂದರೆ ಹೆಚ್ಚು ಸರಿ. ಬೆಳಗಾದರೆ ಬಟ್ಟಿಗೆ ಭತ್ತದ ಹೊಟ್ಟು ಸುರಿದು ಬೆಂಕಿ ಹಾಕುವವನಿಗೆ, ಊರ ಬೀಡಿಯವರೆಲ್ಲ ಸೇರಿ ಬಿಡುವಷ್ಟು ಹೊಗೆ ಹೊತ್ತೇರುವುದರೊಳಗೆ ಪುಕ್ಕಟೆ ಸಿಗುತ್ತಿತ್ತು. ಅವನಿಗಿದ್ದ ಚಟ ಒಂದೇ, ಚಹಾ. ಒಂದು ಚೀಲ ಮಂಡಕ್ಕಿ ತುಂಬಿದರೆ ಒಂದು ಚಹಾ, ಚೀಲದ ಬಾಯಿ ಹೊಲಿದರೆ ಇನ್ನೊಂದು. ಇಂಥವನು ಹೊಸಪೇಟೆಗೆ ಹೋಗಿ ಒಂದು ಪೆಟ್ಟಿಗೆ ಸಿಗಾರು ಕೊಂಡು ತಂದ ಎಂದರೆ ನೀವು ನಂಬಲಿಕ್ಕಿಲ್ಲ. ನಾವೂ ನಂಬಿರಲಿಲ್ಲ. ಆದರೆ ಹೆಣ್ಣು ಹೆತ್ತವನು ಬೀಗರಿಗಾಗಿ ಏನು ಬೇಕಾದರೂ ತಂದಾನು ಎಂಬುದನ್ನು ನಾವು ಮರೆತಿದ್ದೆವು.

ಅವನ ಮಗಳು ಅಮೃತಾ ಬಿ.ಎಸ್ಸಿ. ಓದಿದ ಹುಡುಗಿ. ಮೊದಲು ನೋಡಲು ಬಂದ ಗಂಡಿನವರು ಮಿರ್ಚಿ ಮಂಡಕ್ಕಿಯನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದು, ಕೈ ತೊಳೆದು, ಊರಿಗೆ ಹೋಗಿ ಹೇಳಿ ಕಳಿಸಿದರು: "ಹುಡುಗಿ ಚಂದ ಅದಾಳ. ಆದ್ರ ತಲ್ಯಾಗ ಹೊಗಿ ವಾಸನಿ ಬರ್ತೈತಿ." ಅವತ್ತು ಅಮೃತಾ ಬಚ್ಚಲಲ್ಲಿ ಸೀಗೆಪುಡಿಯ ಡಬ್ಬಿ ಖಾಲಿಯಾಗುವವರೆಗೆ ತಲೆ ತಿಕ್ಕಿಕೊಂಡಳು. ಹೊರಗೆ ಬಟ್ಟಿಯ ಮುಂದೆ ಕೂತಿದ್ದ ಹಾಲೇಶಪ್ಪ ನೀರು ಸುರಿಯುವ ಸಪ್ಪಳ ಕೇಳುತ್ತ ಕಣ್ಣೊರೆಸಿಕೊಂಡ. ಹೊಗೆಗೆ ಕಣ್ಣಲ್ಲಿ ನೀರು ಬಂತು ಎಂದ. ಮೂವತ್ತು ವರ್ಷದಿಂದ ಆ ಹೊಗೆಗೆ ಬಾರದ ನೀರು ಅವತ್ತೇ ಯಾಕೆ ಬಂತು ಎಂದು ನಾವು ಯಾರೂ ಕೇಳಲಿಲ್ಲ.

ಆಮೇಲೆ ಕೂಡಿಬಂದದ್ದು ಹರಪನಹಳ್ಳಿಯ ಸಂಬಂಧ. ಹುಡುಗ ಗವಿಸಿದ್ದೇಶ್ ಹಗರಿಬೊಮ್ಮನಹಳ್ಳಿ ಕಾಲೇಜಿನಲ್ಲಿ ಪಾಠ ಹೇಳುವವನು. ತಂದೆ ಕೊಟ್ರಬಸಪ್ಪ, ನಿವೃತ್ತ ಹೆಡ್ ಮಾಸ್ತರು. ಮನೆ ನೋಡಲು ಹಾಲೇಶಪ್ಪ ತನ್ನ ಬಾಲ್ಯದ ಗೆಳೆಯ ಹುಲುಗಣ್ಣನ ಟೆಂಪೊದಲ್ಲಿ ಹೋದ. ಹುಲುಗಣ್ಣ ಬಟ್ಟಿಯ ಚೀಲಗಳನ್ನು ಕೂಡ್ಲಿಗಿ, ಹಡಗಲಿ ಸಂತೆಗಳಿಗೆ ಹೊರುವವನು, ಹಾಗಾಗಿ ಟೆಂಪೊದಿಂದ ಇಳಿದ ಇಬ್ಬರ ಬೆನ್ನಿಗೂ ಮಂಡಕ್ಕಿ ಅಂಟಿತ್ತು.

ಮನೆಯೊಳಗೆ ಕಾಲಿಟ್ಟ ಕೂಡಲೇ ಹಾಲೇಶಪ್ಪನ ಮೂಗು ಚುರುಕಾಯಿತು. ಊದುಬತ್ತಿಯ ಒಂದು ಕಟ್ಟೇ ಉರಿಯುತ್ತಿತ್ತು. ಆದರೆ ಅದರ ಅಡಿಯಲ್ಲಿ ಇನ್ನೊಂದು ಹೊಗೆ, ದಪ್ಪನೆಯದು, ಘಾಟಿನದು, ಎಲೆ ಸುಟ್ಟ ಹೊಗೆ. ಬೇರೆ ಯಾವ ವಿಷಯದಲ್ಲಿ ಹಾಲೇಶಪ್ಪನಿಗೆ ಟೋಪಿ ಹಾಕಿದರೂ ಹೊಗೆಯ ವಿಷಯದಲ್ಲಿ ಹಾಕಲು ಬರುವುದಿಲ್ಲ. ಕೊಟ್ರಬಸಪ್ಪ ಮಾತಿನ ನಡುವೆ ಎದ್ದು ಹೋಗಿ ಒಳಕೋಣೆಯ ಬಾಗಿಲು ಎಳೆದು ಬಂದರು.

"ನಮ್ಮ ಅವ್ವ ಮಲಗ್ಯಾರ್ರಿ. ಮೈಯಾಗ ಆರಾಮಿಲ್ಲ," ಎಂದರು. ಕಿಟಕಿಯ ಕಟ್ಟೆಯ ಮೇಲೆ ತೆಂಗಿನ ಚಿಪ್ಪಿನ ತುಂಬ ಬೂದಿ ಇತ್ತು. ಹಾಲೇಶಪ್ಪ ಅದನ್ನು ನೋಡಿದ. ಅವನು ನೋಡಿದ್ದನ್ನು ಕೊಟ್ರಬಸಪ್ಪ ನೋಡಿದರು. ನೋಡಿ, ಕೆಮ್ಮಿ, ಅದರ ಮೇಲೆ ಪೇಪರು ಮುಚ್ಚಿದರು.

ವಾಪಸ್ ಬರುವಾಗ ಹುಲುಗಣ್ಣ ಸ್ಟೇರಿಂಗ್ ತಿರುಗಿಸುತ್ತ ಬಾಯಿ ಬಿಟ್ಟ. "ಮನಿ ಚಲೋ ಐತಿ ಸಾವ್ಕಾರ. ಆದ್ರ ಒಳಗ ಚುಟ್ಟದ ವಾಸನಿ ಇತ್ತಲ್ಲೋ."

"ಲೇ ಹುಲುಗಾ, ಬಾಯಿ ತೊಳ್ಕ! ಹೆಡ್ ಮಾಸ್ತರ ಮನ್ಯಾಗ ಚುಟ್ಟ ಯಾರ್ಲೇ ಸೇದ್ತಾರ? ಅದು ಸಿಗಾರು."

"ಸಿಗಾರು ನೀ ಎಲ್ಲಿ ಕಂಡೀ?"

"ಟೀವ್ಯಾಗ. ದೊಡ್ಡ ಮನಿಷ್ಯಾರು ಗೌನು ಹಾಕ್ಕೊಂಡು ಮೆಟ್ಲ ಇಳಕೋತ ಸೇದ್ತಾರ. ನಮ್ಮ ಮುಂದ ಸೇದಾಕ ನಾಚಿಕಿ ಪಟ್ಕೊಂಡು ಬೂದಿ ಮುಚ್ಚಿದ್ರು ನೋಡು. ಎಂಥಾ ಮರ್ಯಾದಸ್ತರು!"

"ವಾಸನಿ ಮಾತ್ರ ಚುಟ್ಟದ್ದ. ನಮ್ಮವ್ವ ಸೇದತಿದ್ಲು, ನನಗ ಗೊತ್ತಿಲ್ಲೇನು?"

"ನಿಮ್ಮವ್ವ ಸೇದಿದ್ರ ಚುಟ್ಟ. ಹೆಡ್ ಮಾಸ್ತರು ಸೇದಿದ್ರ ಸಿಗಾರು," ಎಂದು ಹಾಲೇಶಪ್ಪ ತೀರ್ಪು ಕೊಟ್ಟ. ಹುಲುಗಣ್ಣ ಹಾರ್ನ್ ಹೊಡೆದ.

ಸಂಬಂಧ ಕುದುರಿತು. ಹುಡುಗಿಯ ತಲೆಯ ವಾಸನೆಯ ಬಗ್ಗೆ ಹರಪನಹಳ್ಳಿಯವರು ಚಕಾರ ಎತ್ತಲಿಲ್ಲ. ಅವರದೇ ಮನೆ ಅಷ್ಟು ಹೊಗೆಯಾಡುವಾಗ ಎತ್ತುವುದಾದರೂ ಹೇಗೆ ಎಂದು ಹಾಲೇಶಪ್ಪನಿಗೆ ಪರಮಾನಂದವಾಯಿತು. ಆ ಆನಂದದಲ್ಲಿ ಅವನಿಗೊಂದು ದೊಡ್ಡಸ್ತಿಕೆಯ ವಿಚಾರ ಹೊಳೆಯಿತು. ಎಲ್ಲರೂ ಬೀಗರಿಗೆ ಪೇಟ ಸುತ್ತುತ್ತಾರೆ, ಪಂಚೆ ಕೊಡುತ್ತಾರೆ. ತಾನು ಬೀಗರ ಔತಣದ ಕೊನೆಗೆ ಬೆಳ್ಳಿ ತಟ್ಟೆಯಲ್ಲಿ ಸಿಗಾರು ಇಟ್ಟು, "ನಾಚ್ಕಬ್ಯಾಡ್ರಿ, ನಮಗೆಲ್ಲಾ ಗೊತ್ತೈತಿ" ಎನ್ನಬೇಕು! ಹೊಗೆ ವಾಸನೆ ಎಂದವರು ಆ ಸುದ್ದಿ ಕೇಳಿ ಹೊಟ್ಟೆ ಉರಿದುಕೊಳ್ಳಬೇಕು!

ಹೊಸಪೇಟೆಯಲ್ಲಿ ಹಂಪಿ ನೋಡಲು ಬರುವ ಫಾರಿನ್ನಿನವರಿಗೆಂದೇ ಒಂದು ಅಂಗಡಿ ಇತ್ತು. ಹಾಲೇಶಪ್ಪ ಹೊಸ ಅಂಗಿ ತೊಟ್ಟು ಹೋಗಿ ಸಿಗಾರು ಕೇಳಿದ.

"ಯಾವ ದರ್ಜೇದು ಬೇಕ್ರಿ?" ಅಂಗಡಿಯವನು ಕೇಳಿದ.

"ಹೆಡ್ ಮಾಸ್ತರ ದರ್ಜೇದು ಕೊಡ್ರಿ."

ಅಂಗಡಿಯವನು ತಿರುಚಿನಾಪಳ್ಳಿಯ ಮಾಲು ಎಂದು ಒಂದು ಮರದ ಪೆಟ್ಟಿಗೆ ತೆರೆದ. ಒಳಗೆ ಬೆರಳು ದಪ್ಪದ, ಹೊಳೆಯುವ, ನಡುವಿಗೆ ಬಂಗಾರದ ಬಣ್ಣದ ಕಾಗದದ ಉಂಗುರ ತೊಟ್ಟ ಸಿಗಾರುಗಳು ಸಾಲಾಗಿ ಮಲಗಿದ್ದವು. "ಕಿವಿ ಹತ್ರ ಹಿಡ್ದು ಹಗೂರಕ ಒತ್ತಿ ನೋಡ್ರಿ," ಎಂದ.

ಒತ್ತುವುದು ಹಾಲೇಶಪ್ಪನ ಕುಲಕಸುಬು. ಮಂಡಕ್ಕಿಯನ್ನು ಹೀಗೇ ಕಿವಿಯ ಹತ್ತಿರ ಹಿಡಿದು ಒತ್ತಬೇಕು, ಅದು ಕರಕ್ ಎನ್ನಬೇಕು. ಎನ್ನದಿದ್ದರೆ ಆ ಚೀಲವನ್ನು ವಾಪಸ್ ಸುರಿಯಬೇಕು. ಸಿಗಾರು ಒತ್ತಿದ. ಅದು ಸುಮ್ಮನಿತ್ತು. ಇನ್ನೊಂದನ್ನು ಒತ್ತಿದ. ಅದೂ ಮಾತಾಡಲಿಲ್ಲ.

"ಮೆತ್ತಗಾಗ್ಯಾವಲ್ರಿ ಇವು!" ಎಂದು ಮುಖ ಸಿಂಡರಿಸಿದ.

"ಮೆತ್ತಗ ಇರಬೇಕ್ರಿ. ಸಪ್ಪಳ ಬಂದ್ರ ಒಣಗ್ಯಾವು ಅಂತ ಅರ್ಥ."

ಹಾಲೇಶಪ್ಪ ನಕ್ಕ. ತಿಳಿಯದವರ ಮೇಲೆ ತಿಳಿದವರು ನಗುವ ದಯೆಯ ನಗು ಅದು. "ನೋಡ್ರಿ, ನಮ್ಮಜ್ಜನ ಕಾಲದಿಂದ ಬಟ್ಟಿ ನಡಸ್ತೀವಿ. ಗರಿಗರಿ ಮಾಲು ಯಾವ್ದು, ಥಂಡಿ ಹಿಡಿದ ಮಾಲು ಯಾವ್ದು ಅಂತ ನನಗ ಹೇಳಬ್ಯಾಡ್ರಿ. ಕರಕ್ ಅನ್ನೂವು ಅದಾವೇನು?"

ಅಂಗಡಿಯವನು ಒಂದು ಕ್ಷಣ ಅವನನ್ನೇ ನೋಡಿದ. ವ್ಯಾಪಾರಸ್ಥನಿಗೆ ದೇವರು ಇಂಥ ಗಿರಾಕಿಯನ್ನು ಪದೇಪದೇ ಕಳಿಸುವುದಿಲ್ಲ. ಸ್ಟೂಲು ಹತ್ತಿ, ಅಟ್ಟದ ಮೂಲೆಯಿಂದ ಎಷ್ಟೋ ಬೇಸಿಗೆ ಕಂಡ ಒಂದು ಪೆಟ್ಟಿಗೆ ಇಳಿಸಿ, ಜೇಡರ ಬಲೆ ಒರೆಸಿ ಮುಂದಿಟ್ಟ. ಹಾಲೇಶಪ್ಪ ಒತ್ತಿದ. ಕರಕ್!

"ಇದು ನೋಡ್ರಿ ಮಾಲು!" ಎಂದು ಅಂಗಡಿ ಅದುರುವಂತೆ ಕೂಗಿದ.

ಮನೆಗೆ ತಂದ ಮೇಲೆ ಅದನ್ನು ಇಡುವ ಪ್ರಶ್ನೆ ಬಂತು. ಗರಿಗರಿ ಮಾಲನ್ನು ಇಡುವ ಬಗೆ ಜಗತ್ತಿಗೆಲ್ಲ ಒಂದೇ ಎಂದು ಹಾಲೇಶಪ್ಪನ ನಂಬಿಕೆ. ಸಿಗಾರಿನ ಪೆಟ್ಟಿಗೆಯನ್ನು ಮಂಡಕ್ಕಿಯ ತಗಡಿನ ಡಬ್ಬಿಯೊಳಗಿಟ್ಟು, ಮುಚ್ಚಳ ಬಿಗಿದು, ಬಟ್ಟಿಯ ಗೋಡೆಗೆ ಅಂಟಿಸಿದ ಹಲಗೆಯ ಮೇಲೆ ಕೂರಿಸಿದ. ಹೊರಗೆ ಬಿಸಿಲು, ಒಳಗೆ ಬಟ್ಟಿಯ ಕಾವು. ಹೆಂಡತಿ ನಾಗಲಿಂಗಮ್ಮ ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ಬಾಯಾಗ ಬೆಂಕಿ ಇಟ್ಕೊಳ್ಳಾಕ ಇಷ್ಟು ಮೆರವಣಿಗಿ ಯಾಕ್ರಿ?"

"ನಿನಗ ತಿಳ್ಯಂಗಿಲ್ಲ. ಒಂದು ಹನಿ ಥಂಡಿ ತಾಕಬಾರ್ದು ಇದಕ್ಕ," ಎಂದ.

ಥಂಡಿಯೇನೂ ತಾಕಲಿಲ್ಲ. ಮದುವೆ ಹತ್ತಿರ ಬಂದಾಗ, ಹೆಂಡತಿಗೆ ತೋರಿಸಿ ಮೆಚ್ಚಿಸೋಣ ಎಂದು ಡಬ್ಬಿ ತೆರೆದು ಒಂದು ಸಿಗಾರು ಎತ್ತಿದರೆ, ಅದು ಅವನ ಎರಡು ಬೆರಳ ನಡುವೆ ಪುಡಿಪುಡಿಯಾಗಿ ನೆಲಕ್ಕೆ ಸುರಿಯಿತು. ಕೈಯಲ್ಲಿ ಉಳಿದದ್ದು ಬಂಗಾರದ ಬಣ್ಣದ ಉಂಗುರ ಮಾತ್ರ. ಹಾಲೇಶಪ್ಪ ತಲೆಯ ಮೇಲೆ ಕೈ ಹೊತ್ತು ಕೂತ.

ನಾಗಲಿಂಗಮ್ಮ ಉಳಿದವನ್ನು ಕೂಸು ಎತ್ತಿದ ಹಾಗೆ ಎತ್ತಿ ಸೆರಗಿಗೆ ಹಾಕಿಕೊಂಡಳು. "ಇದೂ ಎಲಿನ ಅಲ್ಲೇನ್ರಿ? ಎಲಿ ಬಾಡಿದ್ರ ಏನ್ ಮಾಡ್ತೀವಿ?" ಎಂದವಳೇ, ಅವತ್ತೇ ಹಡಗಲಿ ಕಡೆಯಿಂದ ಬಂದಿಳಿದಿದ್ದ ಮದುವೆಯ ವೀಳ್ಯದೆಲೆ ಬುಟ್ಟಿಯ ನಟ್ಟನಡುವೆ, ಒದ್ದೆ ಬಟ್ಟೆಯ ಮಡಿಕೆಯಲ್ಲಿ ಅವನ್ನು ಮಲಗಿಸಿದಳು. ಮೇಲೆ ಎಲೆ, ಕೆಳಗೆ ಎಲೆ, ನಡುವೆ ಸಿಗಾರು. ಗಂಡ ಹೆಂಡತಿ ಇಬ್ಬರೂ ಹಗುರಾದರು. ಆದರೆ ಇಬ್ಬರೂ ಒಂದು ಸಂಗತಿ ಮರೆತರು.

ಆ ಸಂಗತಿಯ ಹೆಸರು ಎರ್ರಮ್ಮ. ಹಾಲೇಶಪ್ಪನ ಅಕ್ಕ. ಮನೆತನದ ಪದ್ಧತಿಗಳಿಗೆಲ್ಲ ಆಕೆಯೇ ಯಜಮಾನಿ. ಅವರ ಮನೆಯಲ್ಲಿ ಮದುವೆಯ ಎಲೆಬುಟ್ಟಿಗೆ ಅರಿಶಿಣದ ದಾರ ಸುತ್ತಿ ಪೂಜೆ ಮಾಡಿದ ಮೇಲೆ ಮುಟ್ಟುವ ಹಾಗಿಲ್ಲ. ಮುಹೂರ್ತದ ಹೊತ್ತಿಗೆ ಗಂಡಿನ ಕಡೆಯ ಹಿರಿಯರು ತಮ್ಮ ಕೈಯಾರೆ ದಾರ ಬಿಚ್ಚಿ, ನಡುವಿನಿಂದ ಮೊದಲ ಎಲೆ ತೆಗೆದು, ಆಮೇಲೆ ಅಕ್ಕಿಕಾಳು ಹಾಕಬೇಕು. ಎರ್ರಮ್ಮ ಅದೇ ದಿನ ಇಳಿಹೊತ್ತಿಗೆ ಬಂದು, ಬುಟ್ಟಿಗೆ ದಾರ ಸುತ್ತಿ, ಕುಂಕುಮ ಹಚ್ಚಿ, ಪಕ್ಕದಲ್ಲೇ ತನ್ನ ಹಾಸಿಗೆ ಹಾಸಿಕೊಂಡಳು.

"ಇರ್ಲಿ ಬಿಡು," ಎಂದು ಹಾಲೇಶಪ್ಪ ಹೆಂಡತಿಗೆ ಪಿಸುಗುಟ್ಟಿದ. "ಬುಟ್ಟಿ ಬಿಚ್ಚೋರು ಅವರ ಕಡೇರ ಅಲ್ಲೇನು? ತಮ್ಮ ಸಿಗಾರು ತಾವ ತಗೋತಾರ."

ಮರುದಿನ ಬೆಳಿಗ್ಗೆ ಬಜಾರದಲ್ಲಿ ಡೊಳ್ಳು ಮೊಳಗಿತು. ಹಾಲೇಶಪ್ಪ ಕೈಯಲ್ಲಿ ಚಹಾದ ಗ್ಲಾಸು ಹಿಡಿದು ಅಂಗಡಿಯ ಬಾಗಿಲಿಗೆ ಬಂದ. ದೊಡ್ಡ ಮೆರವಣಿಗೆ. ಮುಂದೆ ಬ್ಯಾನರು: "ಚಟ ಬಿಡಿ, ಜೋಳಿಗೆಗೆ ಹಾಕಿ." ಅದರ ಹಿಂದೆ ಕೊರಳಿಗೆ ಕಾವಿ ಜೋಳಿಗೆ ಹಾಕಿಕೊಂಡು ಅಂಗಡಿ ಅಂಗಡಿಗೆ ನಿಂತು ಭಿಕ್ಷೆ ಬೇಡುತ್ತಿದ್ದವರು ಯಾರು? ಕೊಟ್ರಬಸಪ್ಪ ಮಾಸ್ತರು! ಜನ ಬೀಡಿ ಕಟ್ಟು, ಗುಟ್ಕಾ ಚೀಟಿ, ತಂಬಾಕಿನ ಡಬ್ಬಿ ಎಲ್ಲ ತಂದು ತಂದು ಜೋಳಿಗೆಗೆ ಹಾಕಿ ಕೈಮುಗಿಯುತ್ತಿದ್ದರು. ನಿವೃತ್ತರಾದ ಮೇಲೆ ಮಾಸ್ತರು ಚಟ ಬಿಡಿಸುವ ಸಂಘಕ್ಕೆ ಅಧ್ಯಕ್ಷರಾಗಿದ್ದಾರೆಂದು ಹೇಳುವುದನ್ನು ಮದುವೆ ಮಾತಾಡಿದವರು ಮರೆತಿದ್ದರು.

"ಬೀಗರ! ನಿಮ್ಮ ಊರಿಗೆ ಬಂದು ನಿಮ್ಮ ಅಂಗಡಿ ದಾಟಿ ಹೋಗಾಕ ಆಗ್ತೈತೇನ್ರಿ? ಹಾಕ್ರಿ ನಿಮ್ಮದೊಂದು ಚಟ," ಎಂದು ಮಾಸ್ತರು ಜೋಳಿಗೆ ಹಿಡಿದರು.

ಹಾಲೇಶಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ನನಗ... ಯಾವ ಚಟನೂ ಇಲ್ರಿ."

"ಏನರ ಒಂದು ಇರ್ತೈತ್ರಿ. ಮಂದಿ ನೋಡಾಕತ್ತೈತಿ."

ಮಂದಿ ನಿಜವಾಗಿಯೂ ನೋಡುತ್ತಿತ್ತು. ಅವನ ಮುಖವನ್ನಲ್ಲ, ಕೈಯಲ್ಲಿದ್ದ ಗ್ಲಾಸನ್ನು. ಹಾಲೇಶಪ್ಪನೂ ನೋಡಿದ. ಆಗಷ್ಟೇ ಹನುಮಣ್ಣನ ಹೋಟೆಲಿನಿಂದ ಬಂದ ಚಹಾ, ಶುಂಠಿ ಹಾಕಿದ್ದು, ಇನ್ನೂ ಒಂದು ಗುಟುಕೂ ಕುಡಿದಿರಲಿಲ್ಲ. ತಲೆ ಕೆಟ್ಟವನ ಹಾಗೆ ಅದನ್ನು ನೆಲಕ್ಕೆ ಸುರಿದು, "ಚಾ! ಚಾ ಬಿಟ್ಟೀನ್ರಿ!" ಎಂದುಬಿಟ್ಟ. ಚಪ್ಪಾಳೆಯೋ ಚಪ್ಪಾಳೆ. ಹೋಟೆಲಿನ ಹನುಮಣ್ಣ ಮಾತ್ರ ಬಾಗಿಲಲ್ಲಿ ನಿಂತು ಎದೆ ಹಿಡಿದುಕೊಂಡ.

ಕೊಟ್ರಬಸಪ್ಪನವರ ಕಣ್ಣು ತುಂಬಿ ಬಂತು. "ತಂಬಾಕು ಬಿಟ್ಟೋರನ್ನ ಬೇಕಾದಷ್ಟು ಮಂದಿ ಕಂಡೀನಿ. ಚಾ ಬಿಟ್ಟೋರನ್ನ ಇವತ್ತ ಕಂಡೆ. ಎಲ್ಲಾರೂ ಕೇಳ್ರಿ! ಇಂಥಾ ಶುದ್ಧ ಮನಿಯ ಹುಡುಗಿ ನಮ್ಮ ಮನಿಗೆ ಬರಾಕತ್ತಾಳ. ಈ ಮದುವ್ಯಾಗ ತಂಬಾಕಿನ ಒಂದು ಎಳಿ ಕಂಡ್ರೂ, ಅದು ನಮ್ಮ ಕಡೇರದಿರಲಿ, ಇವರ ಕಡೇರದಿರಲಿ, ನಾನು ಹಂದರ ಬಿಟ್ಟು ಎದ್ದು ಹೋಗ್ತೀನಿ!"

ಮೆರವಣಿಗೆ ಮುಂದೆ ಹೋಯಿತು. ಹಾಲೇಶಪ್ಪ ಮಂಡಕ್ಕಿ ಚೀಲದ ಮೇಲೆ ಕುಸಿದ. ಸಿಗಾರು ಸೇದದ ಬೀಗ, ಸಿಗಾರು ತುಂಬಿದ ಬುಟ್ಟಿ, ಬುಟ್ಟಿಯ ಪಕ್ಕ ಎರ್ರಮ್ಮ. ಇದರ ಮೇಲೆ ಚಹಾ ಕೂಡ ಇಲ್ಲ.

ಬುಟ್ಟಿಯಿಂದ ಸಿಗಾರು ತೆಗೆಯಲು ಅವನು ಪಟ್ಟ ಪಾಡು ಒಂದೆರಡಲ್ಲ. "ಅಕ್ಕಾ, ಬುಟ್ಟ್ಯಾಗ ಜರಿಹುಳ ಹೊಕ್ಕಂಗೈತಿ, ಬಿಚ್ಚಿ ನೋಡ್ಲಾ?" ಎಂದ.

"ಜರಿ ಹೊಕ್ಕಿದ್ರ ಎಲಿ ಥಂಪೈತಿ ಅಂತ ಅರ್ಥ. ಇರ್ಲಿ ಬಿಡು, ಅದೂ ಮದುವಿಗೆ ಬರ್ಲಿ."

"ಎಲಿ ಕೊಳೆತಿದ್ರ?"

"ನಿನ್ನ ಬುದ್ಧಿ ಕೊಳೆತೈತಿ ತಮ್ಮಾ. ದಾರ ಹರದ್ರ ಮದುವಿ ಹರೀತೈತಿ ಅಂತ ನಮ್ಮವ್ವ ಹೇಳ್ತಿದ್ಲು. ಚಾ ಬಿಟ್ಟಾಗಿಂದ ನಿನಗ ತಲಿ ನಿಂತಿಲ್ಲ. ಹೋಗಿ ಮಲಕ್ಕ."

ನಿಜ ಹೇಳುವಂತಿಲ್ಲ. ಮಂಗಳದ ಬುಟ್ಟಿಯಲ್ಲಿ ಹೊಗೆಸೊಪ್ಪು ಇದೆ ಎಂದು ಎರ್ರಮ್ಮನ ಮುಂದೆ ಹೇಳುವುದಕ್ಕಿಂತ ಬಟ್ಟಿಯೊಳಗೆ ಹೋಗಿ ಕೂರುವುದು ಸುಖ. ನಾಗಲಿಂಗಮ್ಮ ದೇವರಿಗೆ ಹರಕೆ ಹೊತ್ತಳು. ಹಾಲೇಶಪ್ಪ ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಚಹಾ ಇಲ್ಲದ ತಲೆನೋವನ್ನೂ ಸಿಗಾರಿನ ತಲೆನೋವನ್ನೂ ಒಟ್ಟಿಗೆ ಅನುಭವಿಸಿದ.

ಮದುವೆಯ ಹಿಂದಿನ ದಿನ ಅಮೃತಾ ಅರಿಶಿಣದ ಕೈಯಲ್ಲೇ ಬಂದು ಅಪ್ಪನ ಪಕ್ಕ ಕೂತಳು. "ಅಪ್ಪಾ, ಏನೋ ಮುಚ್ಚಿಡಾಕತ್ತೀ."

"ಏನಿಲ್ಲವ್ವಾ."

"ಏನರ ಇರ್ಲಿ, ಕೆಡಸಬ್ಯಾಡ. ನನಗ ಆ ಹುಡುಗ ಬೇಕು. ನೋಡಾಕ ಬಂದಾಗ ಎಲ್ಲಾರೂ ಅಡಿಗಿ ಬರ್ತೈತೇನು, ಹಾಡು ಬರ್ತೈತೇನು ಅಂತ ಕೇಳ್ತಾರ. ಅವರು ಬಟ್ಟಿ ತೋರಸ್ರಿ ಅಂದ್ರು. ಅಕ್ಕಿ ಹೆಂಗ ಅರಳ್ತೈತಿ ಅಂತ ಕೇಳಿದ್ರು. ನಾನು ಹೇಳಿದ್ದು ಪೂರಾ ಕೇಳಿದ್ರು."

ಹಾಲೇಶಪ್ಪ ಮಗಳ ತಲೆಯ ಮೇಲೆ ಕೈಯಿಟ್ಟ. ಅವಳ ಕೂದಲಿನಲ್ಲಿ ಸ್ವಲ್ಪ ಹೊಗೆಯ ವಾಸನೆ ಇತ್ತು. ಅವನಿಗೆ ಅದು ತನ್ನ ಮನೆಯ ವಾಸನೆ, ಅವನಿಗೆ ಅದರಷ್ಟು ಪ್ರೀತಿಯದು ಬೇರೆ ಇರಲಿಲ್ಲ. ಈ ಮದುವೆ ಮುರಿದರೆ ತಾನು ಬಟ್ಟಿಗೆ ಮತ್ತೆ ಬೆಂಕಿ ಹಾಕಲಾರೆ ಎಂದು ಅವನಿಗೆ ಅನ್ನಿಸಿತು.

ಮದುವೆಯ ಬೆಳಿಗ್ಗೆ ಕಲ್ಯಾಣ ಮಂಟಪದ ತುಂಬ ಜನ. ಮುಹೂರ್ತ ಹತ್ತಿರ ಬಂತು. ಅಯ್ಯನವರು ಮಂತ್ರ ಶುರು ಮಾಡಿದರು. ಗಂಡಿನ ಕಡೆಯ ಹಿರಿಯರೆಂದರೆ ಕೊಟ್ರಬಸಪ್ಪನವರ ತಾಯಿ ಪಕ್ಕೀರಮ್ಮ. ಮೈ ಆರಾಮಿಲ್ಲ ಎಂದು ಅವತ್ತು ಒಳಕೋಣೆಯಲ್ಲಿ ಮಲಗಿದ್ದರಲ್ಲ, ಅದೇ ಅಜ್ಜಿ. ಎರ್ರಮ್ಮ ಬುಟ್ಟಿ ಹೊರಿಸಿಕೊಂಡು ಬಂದು, "ಹಿರೇರನ್ನ ಕರೀರಿ, ದಾರ ಬಿಚ್ಚಬೇಕು" ಎಂದಳು.

ಕರೆಯಲು ಹೋದವರು ಒಬ್ಬೊಬ್ಬರೇ ಬೈಸಿಕೊಂಡು ವಾಪಸ್ ಬಂದರು. ಅಜ್ಜಿ ಗಂಡಿನವರ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟಿದ್ದಳು. "ನಾ ಬರಂಗಿಲ್ಲ. ಅಕ್ಕಿಕಾಳೂ ಹಾಕಂಗಿಲ್ಲ. ನಂದು ನನಗ ಕೊಡಲೇ ಕೊಟ್ರಾ, ಆಮ್ಯಾಕ ನಿನ್ನ ಮದುವಿ!"

"ಏನು ಕೊಡಬೇಕಂತ್ರಿ?" ಎಂದು ಅಯ್ಯನವರು ಕೇಳಿದರು.

ಕೊಟ್ರಬಸಪ್ಪನವರ ಮುಖ ಸುಣ್ಣವಾಯಿತು. "ಏನಿಲ್ರಿ, ವಯಸ್ಸಾತು, ಏನೇನೋ ಮಾತಾಡ್ತಾರ," ಎಂದು ಬೆವರು ಒರೆಸಿಕೊಂಡರು.

ಹಿರಿಯರ ಕೈ ಮುಟ್ಟದೆ ತಾಳಿ ಕಟ್ಟುವ ಹಾಗಿಲ್ಲ ಎಂದು ಎರ್ರಮ್ಮ. ಮುಹೂರ್ತ ಮೀರುತ್ತದೆ ಎಂದು ಅಯ್ಯನವರು. ಊಟ ತಣ್ಣಗಾಗುತ್ತದೆ ಎಂದು ಅಡುಗೆಯವರು. ಹಾಲೇಶಪ್ಪನ ಸ್ಥಿತಿಯಂತೂ ಶತ್ರುವಿಗೂ ಬೇಡ. ಅಜ್ಜಿ ಬಂದರೆ ಬುಟ್ಟಿ ಬಿಚ್ಚಿ ಮದುವೆ ಕೆಡುತ್ತದೆ. ಬಾರದಿದ್ದರೆ ಬುಟ್ಟಿ ಬಿಚ್ಚದೆ ಮದುವೆ ಕೆಡುತ್ತದೆ. ಬರಲಿ ಎಂದು ಒಂದು ಕೈ, ಬಾರದಿರಲಿ ಎಂದು ಇನ್ನೊಂದು ಕೈ ಎತ್ತಿದ್ದರಿಂದ ನಮಸ್ಕಾರ ಮಾತ್ರ ಸರಿಯಾಗಿ ಕೂಡಿತ್ತು. ಮಣೆಯ ಮೇಲಿಂದ ಅಮೃತಾ ಅಪ್ಪನನ್ನೇ ನೋಡುತ್ತಿದ್ದಳು.

"ಹಿರೇರು ಬುಟ್ಟಿ ಹತ್ರ ಬರಲಿಲ್ಲ ಅಂದ್ರ ಬುಟ್ಟೀನ ಹಿರೇರ ಹತ್ರ ಹೋಗ್ಲಿ!" ಎಂದು ಎರ್ರಮ್ಮ ತೀರ್ಮಾನ ಕೊಟ್ಟು ಬುಟ್ಟಿ ಎತ್ತಿಸಿದಳು. ಹಿಂದೆ ಕೊಟ್ರಬಸಪ್ಪ, ಅವರ ಹಿಂದೆ ಹಾಲೇಶಪ್ಪ, ಅವನ ಹಿಂದೆ ವಿಡಿಯೋದವನು, ವಿಡಿಯೋದವನ ಹಿಂದೆ ಅರ್ಧ ಮದುವೆ.

ಬುಟ್ಟಿಯನ್ನು ಅಜ್ಜಿಯ ಮುಂದೆ ಇಟ್ಟರು. ಅಜ್ಜಿ ತಿರುಗಿಯೂ ನೋಡಲಿಲ್ಲ. ಎರ್ರಮ್ಮ ಕೈಮುಗಿದಳು. "ಅಮ್ಮಾ, ಸಿಟ್ಟು ಬಿಡ್ರಿ. ಒಂದೆಲಿ ತಗೀರಿ, ಹುಡುಗಿ ಬಾಳು ಹಸಿರಾಗ್ಲಿ." ಹೆಣ್ಣು ಮಗಳ ಹೆಸರೆತ್ತಿದ್ದಕ್ಕೆ ಅಜ್ಜಿ ಗೊಣಗುತ್ತಲೇ ದಾರ ಬಿಚ್ಚಿ, ಒದ್ದೆ ಬಟ್ಟೆಯ ನಡುವೆ ಕೈ ತೂರಿಸಿದಳು. ಕಣ್ಣು ಅಷ್ಟಾಗಿ ಕಾಣದು, ಕೈ ಮಾತ್ರ ಚುರುಕು. ಆ ಕೈ ಒಳಗೆ ನಿಂತಿತು. ಏನನ್ನೋ ಸವರಿತು. ಮತ್ತೆ ಸವರಿತು. ಅಜ್ಜಿಯ ಹುಬ್ಬು ಮೇಲಕ್ಕೇರಿತು.

ಹಾಲೇಶಪ್ಪ ಕಣ್ಣು ಮುಚ್ಚಿದ.

ಹೊರಬಂದದ್ದು ಎಲೆಯಲ್ಲ. ಒಂದು ವಾರ ವೀಳ್ಯದೆಲೆಯ ಥಂಪಿನಲ್ಲಿ ಮಲಗಿ ಎದ್ದು, ಮೆತ್ತಗೆ, ಮಿರುಗುತ್ತ, ನಡುವಿಗೆ ಬಂಗಾರದ ಉಂಗುರ ತೊಟ್ಟ ಸಿಗಾರು. ಅಜ್ಜಿ ಮೂಸಿದಳು.

"ತಂಬಾಕು!" ಎಂದು ಕೊಟ್ರಬಸಪ್ಪ ಉದ್ಗಾರ ತೆಗೆದರು. ಆಡಿದ ಮಾತು ನೆನಪಾಗಿ, ಶಲ್ಯ ಹೆಗಲಿಗೆಸೆದು ಬಾಗಿಲ ಕಡೆ ಹೆಜ್ಜೆ ಇಟ್ಟರು.

"ಕುಂದ್ರಲೇ!" ಎಂದಳು ಅಜ್ಜಿ.

ಊರೂರಿಗೆ ಜೋಳಿಗೆ ಹಿಡಿದ ಮನುಷ್ಯ ಅಲ್ಲೇ ನೆಲದ ಮೇಲೆ ಕೂತರು.

"ನೋಡಲೇ, ಬೀಗರು ಅಂದ್ರ ಇವರು! ನೀನು ನನ್ನ ಚುಟ್ಟ ಕಸ್ಕೊಂಡಿ. ಚಾ ಸುದ್ದಾ ಬಿಟ್ಟ ಬೀಗರು ಅದಾರ, ಅವರ ಮುಂದ ಮರ್ಯಾದಿ ಹೋಗ್ತೈತಿ ಅಂದಿ. ಅವರು ನೋಡು, ಮುದುಕಿಗೆ ಏನು ಬೇಕು ಅಂತ ತಿಳ್ಕೊಂಡು, ನಾ ಕೈ ಹಾಕೂ ಜಾಗದಾಗ, ಯಾರಿಗೂ ಕಾಣದಂಗ ಇಟ್ಟಾರ. ಉಂಗುರ ಬ್ಯಾರೆ ತೊಡಿಸ್ಯಾರಲೇ! ನನ್ನ ಮದುವ್ಯಾಗ ನನಗ ಇಂಥಾ ಉಂಗುರ ಹಾಕಿದ್ದಿಲ್ಲ ನಿಮ್ಮಪ್ಪ!"

ಮೊದಲು ಯಾರೋ ಒಬ್ಬರು ಕಿಸಕ್ಕೆಂದರು. ಆಮೇಲೆ ಇಡೀ ಕೋಣೆ ನಕ್ಕಿತು. ಅಜ್ಜಿ ಸಿಗಾರನ್ನು ಸೊಂಟಕ್ಕೆ ಸಿಕ್ಕಿಸಿ, ಇನ್ನೊಮ್ಮೆ ಕೈ ಹಾಕಿ ಸರಿಯಾಗಿ ಒಂದು ಎಲೆ ತೆಗೆದು, ಯಾರ ಆಸರೆಯೂ ಇಲ್ಲದೆ ಎದ್ದು ನಿಂತಳು. "ಏನ್ ನೋಡ್ತೀರಿ? ನಡೀರಿ, ಮುಹೂರ್ತ ಮೀರ್ತೈತಿ! ಎಲ್ಲಿ ನನ್ನ ಮೊಮ್ಮಗನ ಹೇಣ್ತಿ?"

ಅಮೃತಾಳ ಹತ್ತಿರ ಹೋಗಿ ಅವಳ ತಲೆ ಮೂಸಿ ಮುತ್ತಿಟ್ಟಳು. ಹಾಲೇಶಪ್ಪನ ಜೀವ ಮತ್ತೊಮ್ಮೆ ಬಾಯಿಗೆ ಬಂತು. "ಬೆಂಕಿ ಮುಂದ ಬೆಳದ ಹುಡುಗಿ," ಎಂದಳು ಅಜ್ಜಿ. "ನನ್ನ ಕೂಡ ಚಲೋ ಹೊಂದ್ಕೋತಾಳ." ಗಟ್ಟಿಮೇಳ ಮೊಳಗಿತು. ಮೊದಲ ಅಕ್ಕಿಕಾಳು ಪಕ್ಕೀರಮ್ಮನ ಕೈಯಿಂದ ಬಿತ್ತು, ಅಮೃತಾಳ ಕೊರಳಿಗೆ ತಾಳಿ ಬಿತ್ತು, ಹಾಲೇಶಪ್ಪ ಎಲ್ಲರ ಎದುರಿಗೆ ಅತ್ತ. ಅಲ್ಲಿ ಹೊಗೆ ಇರಲಿಲ್ಲ, ಆದ್ದರಿಂದ ಈ ಸಲ ನೆಪ ಹೇಳುವ ಗೋಜಿಗೂ ಹೋಗಲಿಲ್ಲ.

ಊಟವಾದ ಮೇಲೆ ಮಂಟಪದ ಹಿಂದಿನ ಬೇವಿನ ಕಟ್ಟೆಯ ಮೇಲೆ ಅಜ್ಜಿಗೆ ಕುರ್ಚಿ ಹಾಕಿದರು. ದೇವರ ದೀಪದಿಂದ ಹಚ್ಚುವ ಹಾಗಿಲ್ಲ ಎಂದು ಎರ್ರಮ್ಮ ತಾಕೀತು ಮಾಡಿದ್ದರಿಂದ ಹಾಲೇಶಪ್ಪ ಖುದ್ದಾಗಿ ಅಡುಗೆ ಒಲೆಯ ಕೆಂಡ ತಂದು ಹಿಡಿದ. ಬೆಂಕಿಯ ಕೆಲಸದಲ್ಲಿ ಅವನ ಕೈ ನಡುಗುವುದಿಲ್ಲ. ಅಜ್ಜಿ ಅವಸರ ಮಾಡದೆ ತುದಿಯನ್ನು ಕಾಯಿಸಿ, ಹೊತ್ತಿಸಿ, ಕಣ್ಣು ಮುಚ್ಚಿ ಒಂದು ದಮ್ಮು ಎಳೆದಳು. ನೀಲಿ ಹೊಗೆ ಬೇವಿನ ಎಲೆಗಳ ಕಡೆ ಏರಿತು. "ಗಂಟಲಾಗ ಎಣ್ಣಿ ಇಳದಂಗ ಇಳೀತೈತಲೇ," ಎಂದಳು. ಪಕ್ಕದಲ್ಲಿ ಕೂತ ಅಮೃತಾ, ಹೊಸ ಸೀರೆಯಲ್ಲಿ, ತೆಂಗಿನ ಚಿಪ್ಪು ಹಿಡಿದು ಬೂದಿಗೆ ಕಾದಳು. ಉಳಿದ ಸಿಗಾರುಗಳ ಮೇಲೆ ಕಣ್ಣು ಹಾಕಿದ ಇಬ್ಬರು ಮೂವರು ಮುದುಕರನ್ನು ಅಜ್ಜಿ ಗದರಿಸಿ ಅಟ್ಟಿದಳು.

ಕೊಟ್ರಬಸಪ್ಪ ಹಾಲೇಶಪ್ಪನನ್ನು ಪಕ್ಕಕ್ಕೆ ಕರೆದು ಎರಡೂ ಕೈ ಹಿಡಿದರು. "ಊರ ಮಂದಿ ಚಟ ಎಲ್ಲಾ ಜೋಳಿಗಿಗೆ ಹಾಕಿಸ್ಕೊಂಡೆ ಬೀಗರ. ನಮ್ಮವ್ವನ ಮುಂದ ಜೋಳಿಗಿ ಹಿಡಿಯೋ ಧೈರ್ಯ ಇವತ್ತಿಗೂ ಬಂದಿಲ್ಲ. ನಿಮಗ ಗೊತ್ತಾದ್ರ ಸಂಬಂಧ ಮುರೀತೈತಿ ಅಂತ ಹೆದರಿ ಮುಚ್ಚಿಟ್ಟೆ. ನೀವು ಅವತ್ತ ಬೂದಿ ನೋಡಿ ತಿಳ್ಕೊಂಡು, ನನ್ನ ಮಾನಾನೂ ಉಳಿಸಿ, ಅವ್ವನ ಮನಸೂ ಕಾಯ್ದ್ರಿ. ದೊಡ್ಡವರ್ರಿ ನೀವು."

ಹಾಲೇಶಪ್ಪ ಬಾಯಿ ತೆರೆದ. ನಿಜ ನಾಲಿಗೆಯ ತುದಿಗೆ ಬಂದಿತ್ತು. ದೂರದಲ್ಲಿ ನಾಗಲಿಂಗಮ್ಮ ಕಣ್ಣಲ್ಲೇ ಬೆಂಕಿ ಕಾರಿದ್ದರಿಂದ ಅದು ವಾಪಸ್ ಹೋಯಿತು. "ಅದೇನ್ ದೊಡ್ಡದು ಬಿಡ್ರಿ," ಎಂದ.

"ಹಂಗಲ್ಲ. ನನ್ನಿಂದ ನಿಮಗೇನು ಬೇಕು, ಬಾಯಿಬಿಟ್ಟು ಕೇಳ್ರಿ. ಇಲ್ಲ ಅನ್ನಂಗಿಲ್ಲ."

ಹಾಲೇಶಪ್ಪ ಅತ್ತಿತ್ತ ನೋಡಿದ. ತಲೆ ಸಿಡಿಯುತ್ತಿತ್ತು. ತಗ್ಗಿದ ದನಿಯಲ್ಲಿ, "ತಪ್ಪು ತಿಳ್ಕಬ್ಯಾಡ್ರಿ," ಎಂದ, "ಜೋಳಿಗ್ಯಾಗಿಂದ ನನ್ನ ಚಾ ನನಗ ವಾಪಸ್ ಕೊಡ್ರಿ."

ಮಾಸ್ತರು ದಂಗಾದರು. "ಜೋಳಿಗಿಗೆ ಹಾಕಿದ್ದನ್ನ ವಾಪಸ್ ಕೊಡೋ ಪದ್ಧತಿ ಇಲ್ಲಲ್ರಿ ಬೀಗರ..."

"ಕೊಡಲೇ ಕೊಟ್ರಾ!" ಎಂದು ಹೊಗೆಯ ನಡುವಿನಿಂದ ಅಜ್ಜಿಯ ದನಿ ಬಂತು.

ಕೊಟ್ರಬಸಪ್ಪ ತಾವೇ ಅಡುಗೆಮನೆಗೆ ಹೋಗಿ, ಶುಂಠಿ ಜಜ್ಜಿಸಿ, ದೊಡ್ಡ ಲೋಟದ ತುಂಬ ಚಹಾ ಹಿಡಿದು ತಂದು ಬೀಗರ ಕೈಗೆ ಕೊಟ್ಟರು. ಹಾಲೇಶಪ್ಪ ಬೇವಿನ ಕಟ್ಟೆಯ ಮೇಲೆ ಅಜ್ಜಿಯ ಪಕ್ಕದಲ್ಲಿ ಕೂತು, ಮೊದಲ ಗುಟುಕಿಗೆ ಕಣ್ಣು ಮುಚ್ಚಿದ. ಅಷ್ಟರಲ್ಲಿ ಹುಲುಗಣ್ಣ ಹತ್ತಿರ ಬಂದು ಬಗ್ಗಿ, ಗಾಳಿ ಮೂಸಿ, ಕಿವಿಯಲ್ಲಿ ಹೇಳಿದ: "ನಾ ಅವತ್ತ ಹೇಳಿದ್ದಿಲ್ಲೇನೋ ಸಾವ್ಕಾರ, ಚುಟ್ಟ ಅಂತ?"

ಹಾಲೇಶಪ್ಪ ಕಣ್ಣು ತೆರೆಯದೆಯೇ ಇನ್ನೊಂದು ಗುಟುಕು ಕುಡಿದ.

"ಹೆಡ್ ಮಾಸ್ತರ ಅವ್ವ ಸೇದಿದ್ರ," ಎಂದ, "ಅದು ಸಿಗಾರಲೇ."